ಬಚ್ಚಲ ಮೋರಿಯಿಂದ ಬಂದ ನಾಗ

ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಜ್ಯೋತಿಗಳು ಎಲ್ಲಿಗೆ ಹೋಗುತ್ತವೆ? ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ಅವು ಒಂದು ಪಾಳು ಗುಡಿಗೆ ಬಂದು ಸೇರುತ್ತವೆ, ತಂತಮ್ಮ ಮನೆಯ ಸುದ್ದಿಯನ್ನು ಹರಟುತ್ತ ಕೂಡುತ್ತವೆ. ತಡವಾಗಿ ಬಂದ ಒಂದು ಜ್ಯೋತಿಯ ಮನೆಯ ಮುದುಕಿಗೆ ಒಂದು ಕಥೆ, ಒಂದು ಹಾಡು ಗೊತ್ತು, ಯಾರಿಗೂ ಹೇಳಲೊಲ್ಲಳು. ಒಳಗೇ ಕೊಳೆತು ಬೇಸತ್ತ ಕಥೆ ಒಂದು ದಿನ ಆಕೆ ಬಾಯಿ ತೆರೆದು ಮಲಗಿದಾಗ ಹೆಣ್ಣಾಗಿ ಹೊರಗೆ ಜಿಗಿಯುತ್ತದೆ. ಹಾಡು ಸೀರೆಯಾಗುತ್ತದೆ.

ಫ್ಯಾಂಟಸಿ ಎಂದರೆ ಇಂದಿನ ಹುಡುಗರಿಗೆ ಹ್ಯಾರಿ ಪಾಟರನ ಮಂತ್ರದಂಡ ನೆನಪಾಗುತ್ತದೆ. ಹಿರಿಯರಿಗಾದರೆ ಅದು ಅಡಗೂಲಜ್ಜಿಯ ಕಥೆ, ಮಕ್ಕಳಿಗೆ ಉಣ್ಣಿಸುವಾಗಿನ ಸುಳ್ಳು. ಆ ಸುಳ್ಳಿನ ಬೆಲೆ ಏನೆಂಬುದನ್ನು ಅರಿಯಬೇಕಾದರೆ ಧಾರವಾಡದ ಸುಭಾಸ ರಸ್ತೆಯ ಅಟ್ಟವನ್ನು ಹತ್ತಬೇಕು. ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟ ಅದು. ಕೀರ್ತಿನಾಥ ಕುರ್ತಕೋಟಿಯವರು ಹಸ್ತಪ್ರತಿಗಳನ್ನು ಓದಿ ವಾದಕ್ಕಿಳಿಯುತ್ತಿದ್ದ ಜಾಗ. ‘ಯಯಾತಿ’ (1961), ‘ಹಯವದನ’ (1971), ಆಮೇಲೆ ‘ನಾಗಮಂಡಲ’ ಇಲ್ಲಿಂದಲೇ ಹೊರಬಂದವು. ಮೂರರಲ್ಲೂ ನಡೆಯಲಾರದ್ದೇ ನಡೆಯುತ್ತದೆ. ಮಗ ತಂದೆಯ ಮುಪ್ಪನ್ನು ಹೊರುತ್ತಾನೆ, ಗೆಳೆಯರಿಬ್ಬರ ರುಂಡಗಳು ಅದಲುಬದಲಾಗುತ್ತವೆ, ಹಾವು ಗಂಡನ ರೂಪ ತಾಳುತ್ತದೆ. ಪವಾಡ ಗಂಡಸರ ಮೈಮೇಲೆ ನಡೆದರೂ ಅದರ ಲೆಕ್ಕ ತೀರಿಸಬೇಕಾದವಳು ಹೆಂಡತಿ. ಮೊದಲ ನಾಟಕದಲ್ಲಿ ಪುರುವಿನ ಹೆಂಡತಿ ಚಿತ್ರಲೇಖೆ, ಎರಡನೆಯದರಲ್ಲಿ ಪದ್ಮಿನಿ.

‘ನಾಗಮಂಡಲ’ದ ಬೇರು ಎ. ಕೆ. ರಾಮಾನುಜನ್ನರಿಂದ ಕಾರ್ನಾಡರು ಕೇಳಿದ ಎರಡು ಜನಪದ ಕಥೆಗಳಲ್ಲಿದೆ. ಮೈಸೂರಿನ ರಾಮಾನುಜನ್ನರು ಐವತ್ತರ ದಶಕದಲ್ಲಿ ಬೆಳಗಾವಿಯಲ್ಲಿ ಇಂಗ್ಲಿಷ್ ಕಲಿಸುತ್ತ, ಈ ಸೀಮೆಯ ಹೆಂಗಸರ ಬಾಯಿಂದ ಕಥೆ ಕೂಡಿಸಿದವರು. ಅಡುಗೆಮನೆಯ ಕಥೆಗಳಲ್ಲಿ ಪಾತ್ರಗಳಿಗೆ ಹೆಸರೇ ಇರುವುದಿಲ್ಲ ಎಂಬುದು ಅವರ ಸೂಕ್ಷ್ಮ ಅವಲೋಕನ. ಹೌದಲ್ಲ, ‘ಒಬ್ಬಾಕಿ ಇದ್ದಳು’ ಎಂದರೆ ಸಾಕು, ಕೇಳುವಾಕೆ ತನ್ನನ್ನೇ ಅಲ್ಲಿ ಇಟ್ಟುಕೊಳ್ಳುತ್ತಾಳೆ. ಇಂಥ ಕಥೆಗಳು ಮಕ್ಕಳ ನೆವದಲ್ಲಿ ಮನೆಯ ಹೆಂಗಸರು ತಮ್ಮತಮ್ಮೊಳಗೆ ಆಡಿಕೊಳ್ಳುವ ಮಾತು ಎಂದು ಕಾರ್ನಾಡರೂ ಬರೆದಿದ್ದಾರೆ. ಅತ್ತೆಯ ಎದುರು, ಗಂಡನ ಎದುರು ಆಡಲಾಗದ್ದನ್ನು ಹಾವಿನ ಮೇಲೆ ಹಾಕಿ ಆಡಬಹುದು. ಹಾವಿನ ಕಥೆಗೆ ಯಾರು ತಕರಾರು ತೆಗೆದಾರು?

ನಾಟಕದ ಹೆಸರುಗಳೂ ಹಾಗೆಯೇ, ಹೆಸರಾಗಿಯೂ ಹೆಸರಲ್ಲ. ಅಪ್ಪಣ್ಣ ಯಾವ ಗಂಡಸಾದರೂ ಆಗಬಹುದು. ರಾಣಿ ಅವನ ಹೆಂಡತಿ. ರಾಣಿಯಂತೆ ಬಾಳುವ ಮಾತು ದೂರವೇ ಉಳಿಯಿತು. ಹಗಲು ಊಟಕ್ಕಷ್ಟೇ ಬಂದು, ಹೊರಗಿನಿಂದ ಕೀಲಿ ಹಾಕಿ ಸೂಳೆಯ ಮನೆಗೆ ಹೋಗುವ ಗಂಡ ಅವನು. ಕುರುಡವ್ವ ವಶೀಕರಣದ ಬೇರು ಕೊಡುತ್ತಾಳೆ. ಬೇರು ಹಾಕಿದ ಪಲ್ಯದ ಬಣ್ಣ ಕಂಡು ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿದುಬಿಡುತ್ತಾಳೆ. ಅಂದಿನಿಂದ ನಾಗಪ್ಪ ರಾತ್ರಿ ಬಚ್ಚಲ ಮೋರಿಯಿಂದ ಒಳಗೆ ಬಂದು ಅಪ್ಪಣ್ಣನ ರೂಪದಲ್ಲಿ ಅವಳನ್ನು ರಮಿಸುತ್ತಾನೆ. ಮುಂಬಾಗಿಲಿಗೆ ಜಡಿದ ಕೀಲಿ ಜಡಿದಂತೆಯೇ ಇರುತ್ತದೆ! ಈ ಮೋರಿ ಅಡುಗೆಮನೆಯಿಂದ ಹುಟ್ಟಿದ ಕಲ್ಪನೆಯೇ ಸರಿ. ಗಗನದಿಂದ ಇಳಿಯುವ ಗಂಧರ್ವನಿಗಿಂತ, ಮುಸುರೆ ನೀರು ಹರಿದುಹೋಗುವ ದಾರಿಯಲ್ಲಿ ಬರುವ ಹಾವನ್ನು ನಂಬುವುದು ಸುಲಭ.

ಬಸಿರಾದ ರಾಣಿಯನ್ನು ಅಪ್ಪಣ್ಣ ಪಂಚಾಯತಿಗೆ ಎಳೆಯುತ್ತಾನೆ. ಹುತ್ತಕ್ಕೆ ಕೈಯಿಟ್ಟು ಹಾವನ್ನು ಹಿಡಿದು, ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರಾರನ್ನೂ ಮುಟ್ಟಿಲ್ಲವೆಂದು ಅವಳು ಆಣೆ ಮಾಡುತ್ತಾಳೆ. ಮಾತು ಅಕ್ಷರಶಃ ನಿಜ. ಊರವರು ಅವಳನ್ನು ದೇವಿಯೆಂದು ಪೂಜಿಸುತ್ತಾರೆ, ಗಂಡ ಕಾಲಿಗೆ ಬೀಳುತ್ತಾನೆ. ನಿಜ ಹೇಳಿ ಗೆದ್ದವಳಿಗೆ ಆ ನಿಜ ಗೊತ್ತಿತ್ತೇ? ಹಗಲಿನ ಗಂಡನಿಗೂ ರಾತ್ರಿಯ ಗಂಡನಿಗೂ ಇರುವ ವ್ಯತ್ಯಾಸ ಹೆಂಡತಿಯ ಮೈಗೆ ತಿಳಿಯದೆ ಹೋದೀತೇ?

ಅಜ್ಜಿಯ ಕಥೆ ‘ಸುಖವಾಗಿದ್ದರು’ ಎಂಬಲ್ಲಿಗೆ ಮುಗಿದೀತು. ಕಾರ್ನಾಡರು ಈ ಸಂಶಯವನ್ನು ಕೆದಕಿ, ಒಂದು ಕಥೆಗೆ ಎರಡು ಕೊನೆ ಇಟ್ಟರು. ಮೊದಲ ಕೊನೆಯಲ್ಲಿ ಅಸೂಯೆಯಿಂದ ಬೆಂದ ನಾಗ ರಾಣಿಯ ಕೂದಲಿನ ಉರುಲಿಗೆ ತಾನೇ ಬಿಗಿದು ಸಾಯುತ್ತದೆ. ಅದಕ್ಕೆ ತನ್ನ ಮಗನೇ ಬೆಂಕಿ ಇಡಬೇಕೆಂದು ಅವಳು ಕೇಳುತ್ತಾಳೆ, ಅಪ್ಪಣ್ಣ ಒಪ್ಪುತ್ತಾನೆ. ಕೇಳುತ್ತ ಕೂತ ಜ್ಯೋತಿಗಳಿಗೆ ಇದು ಹಿಡಿಸುವುದಿಲ್ಲ. ಕಥೆ ಹೊರಳುತ್ತದೆ: ಬಾಚುವಾಗ ಕೂದಲಿಂದ ಜೀವಂತ ಹಾವು ಉದುರುತ್ತದೆ. ಹೊಡೆಯಲು ಅಪ್ಪಣ್ಣ ಬಡಿಗೆ ತರುವಷ್ಟರಲ್ಲಿ ರಾಣಿ ಅದನ್ನು ಮತ್ತೆ ತುರುಬಿನೊಳಗೆ ಸೇರಿಸಿಕೊಂಡುಬಿಡುತ್ತಾಳೆ. ಗಂಡ ಮನೆಯೆಲ್ಲ ಹುಡುಕುತ್ತಾನೆ.