ಲಾಭವಿದ್ದೂ ಕೈ ಬರಿದಾಗುವ ಆಟ

ಲೆಕ್ಕಶಾಸ್ತ್ರ ಕಲಿಸುವ ಆಟವೆಂದರೆ ಯಾವ ವ್ಯವಹಾರ ಖರ್ಚಿನ ಬದಿಗೆ, ಯಾವುದು ಜಮೆಯ ಬದಿಗೆ ಸೇರುತ್ತದೆಂದು ಬೇಗ ಹೇಳಿದವರಿಗೆ ಅಂಕ ಕೊಡುವ ರಸಪ್ರಶ್ನೆ ಎಂದು ತಿಳಿದರೆ, ಅದು ನೆನಪಿನ ಪರೀಕ್ಷೆಯಾಗಿಯೇ ಉಳಿಯುತ್ತದೆ. ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಸಮ ಮೊತ್ತಕ್ಕೆ ಬರೆಯುವ ಜೋಡಿ ನಮೂದು ಪದ್ಧತಿಯನ್ನು 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಗ್ರಂಥದಲ್ಲಿ ವಿವರಿಸಿದ ಲೂಕಾ ಪಾಚಿಯೊಲಿ ವರ್ತಕರ ರೂಢಿಯನ್ನೇ ಬರೆದಿಟ್ಟವನು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ವಿದ್ಯಾರ್ಥಿಗಳಿಗಂತೂ ಅಂಥ ರೂಢಿ ಪಕ್ಕದ ಬೀದಿಯಲ್ಲೇ ಸಿಗುತ್ತದೆ.

ತಿರುಪ್ಪೂರಿನಲ್ಲಿ ಬನಿಯನ್ನೊಂದು ಸಿದ್ಧವಾಗುವ ಮುನ್ನ ಅದರ ನೂಲು ಹೆಣಿಗೆಯವರು, ಬಣ್ಣದವರು, ಹೊಲಿಗೆಯವರು ಎಂದು ಹಲವರ ಮನೆ ಹೊಕ್ಕು ಬರುತ್ತದೆ. ಪರರ ಸರಕಿನ ಮೇಲೆ ಕೂಲಿಗೆ ಮಾಡುವ ಈ ‘ಜಾಬ್ ವರ್ಕ್’ನಲ್ಲಿ ಸರಕು ಕೆಲಸದವನ ಅಂಗಳದಲ್ಲಿದ್ದರೂ ಅವನ ಆಸ್ತಿಯಲ್ಲ. 2017ರ ಜಿಎಸ್‌ಟಿ ಕಾಯ್ದೆಯೂ ತೆರಿಗೆ ಕಟ್ಟದೆ ಹೀಗೆ ಕಳುಹಿಸಿದ ಕಚ್ಚಾ ಸಾಮಗ್ರಿ ಸಾಮಾನ್ಯವಾಗಿ ಒಂದು ವರ್ಷದೊಳಗೆ ಮರಳಬೇಕೆನ್ನುತ್ತದೆ. ಕೊಯಮತ್ತೂರು ಸೀಮೆಯಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗ ನೇಕಾರರಲ್ಲೂ, ಸಾಹುಕಾರನ ನೂಲನ್ನು ಕೂಲಿಗೆ ನೇಯುವ ಕುಟುಂಬದ ಮಗುವಿಗೆ ಈ ಭೇದ ಪಾಠಕ್ಕೆ ಮೊದಲೇ ತಿಳಿದಿರುತ್ತದೆ. ಆಸ್ತಿ ಎಂಬುದರ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸುವ ತರಗತಿ ಆ ತಿಳಿವನ್ನು ಕೇಳಿ ನೋಡುವುದಿಲ್ಲ.

ಚೆನ್ನೆಮಣೆಯನ್ನು (ತಮಿಳರ ಪಲ್ಲಾಂಗುಳಿ) ಇಲ್ಲಿ ನೆನೆಯಬಹುದು: ಕಾಯಿಗಳು ಗುಳಿಯಿಂದ ಗುಳಿಗೆ ಸರಿದರೂ, ಆಟಗಾರರು ಗೆದ್ದಿಟ್ಟುಕೊಂಡವನ್ನೂ ಸೇರಿಸಿದರೆ ಒಟ್ಟು ಬದಲಾಗದು, ಆಸ್ತಿಯ ಮೊತ್ತ ಬಂಡವಾಳ ಮತ್ತು ಸಾಲದ ಮೊತ್ತಕ್ಕೆ ಸದಾ ಸಮ ಎಂಬ ಸಮೀಕರಣದತ್ತ ಅದು ಮೊದಲ ಮೆಟ್ಟಿಲಾದೀತು. ಆದರೆ ಅಲ್ಲಿ ಉದ್ರಿಯಿಲ್ಲ. ಅಂಗಡಿಯಲ್ಲಿ ಸಿಗುವ ‘ಬಿಸಿನೆಸ್’ ಆಟದಲ್ಲೂ ಕೊಡುಕೊಳ್ಳುವಿಕೆ ಬಹುತೇಕ ನಗದಿನದೇ.

ಬೇಕಾದ ಆಟ ಉದ್ರಿಯಿಂದ ಶುರುವಾಗಬೇಕು. ಆಟಗಾರ್ತಿಯೊಬ್ಬಳು 90,000 ರೂಪಾಯಿ ಬಂಡವಾಳ ಹಿಡಿದು, ನೂಲಿಗೆ 50,000, ಬಣ್ಣ ಮತ್ತು ಹೊಲಿಗೆಗೆ 35,000 ಕೊಟ್ಟು, ಸರಕನ್ನು 60 ದಿನದ ಉದ್ರಿಗೆ ಒಂದು ಲಕ್ಷಕ್ಕೆ ಮಾರಿದಳೆನ್ನೋಣ; ಪುಸ್ತಕದಲ್ಲಿ 15,000 ಲಾಭ, ಪೆಟ್ಟಿಗೆಯಲ್ಲಿ 5,000 ಮಾತ್ರ. ಮುಂದಿನ ಆರ್ಡರ್ ಬಂದಾಗ ನೂಲು ಕೊಳ್ಳಲಾಗದೆ ಅವಳು ಸೋಲುವುದನ್ನು ಕಂಡ ತರಗತಿಗೆ ಲಾಭವೂ ನಗದೂ ಬೇರೆ ಎಂಬುದನ್ನು ಮತ್ತೆ ವಿವರಿಸಬೇಕಾಗದು. ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಕೊಳ್ಳುವವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು ಎಂಬ 2006ರ ಕಾಯ್ದೆಯನ್ನು ಒಂದು ಚೀಟಿಯಾಗಿ ಅವಳ ಕೈಗೆ ಕೊಟ್ಟರೆ, ಮುಂದಿನ ಆರ್ಡರ್‌ನ ಆಸೆಗೆ ಅದನ್ನು ಕೊಳ್ಳುವವನ ಮುಂದೆ ಇಡಬೇಕೋ ಬೇಡವೋ ಎಂದು ಅವಳು ತಡವರಿಸುವ ಗಳಿಗೆಯೂ ಆಟದೊಳಗೇ ಬರುತ್ತದೆ.