ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ

ಹೋದ ವಾರ ನನ್ನ ತಮ್ಮನ ಮಕ್ಕಳಿಬ್ಬರು ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ನಮ್ಮ ಮಾಗಡಿಗೆ ಬಂದರು. ಬಂದವರೇ ಕೆರೆ ಏರಿಗೆ ಓಡಿದರು. ಅಲ್ಲಿ ನಿಂತು ಸುತ್ತ ನೋಡಿ, "ಅತ್ತೆ, ಆ ಬಾತುಗಳೆಲ್ಲ ಎಲ್ಲಿ?" ಎಂದು ಮುಖ ಸಣ್ಣದು ಮಾಡಿಕೊಂಡರು. ಚಳಿಗಾಲದಲ್ಲಿ ನಮ್ಮ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಬೇಸಿಗೆಯ ಹೊತ್ತಿಗೆ ಊರು ಬಿಟ್ಟಿರುತ್ತವೆ. "ಅವು ಹಿಮಾಲಯ ದಾಟಿ ಹೋದವು" ಎಂದೆ.

ಎಂಟು ವರ್ಷದ ಸಣ್ಣವನು ಸುಮ್ಮನಾದ. ಹನ್ನೊಂದರ ದೊಡ್ಡವಳು ಸುಮ್ಮನಾಗುವವಳಲ್ಲ. ಮೂಡಣ ದಿಕ್ಕಿಗೆ ಬೆರಳು ತೋರಿಸಿ, "ಹಾಗಾದರೆ ನಾವೂ ಆ ಗುಡ್ಡ ಹತ್ತೋಣ. ನಾಳೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನಕ್ಕೆ ತುದಿ ಮುಟ್ಟಬಹುದಲ್ವಾ?" ಎಂದಳು.

ಆ ಮಾತು ಕೇಳಿ ನನಗೆ ನಗುವೂ ಬಂತು, ಎದೆಯೂ ಧಸಕ್ಕೆಂದಿತು. ಯಾಕೆಂದರೆ ಅವಳ ವಯಸ್ಸಿನಲ್ಲಿ ನಾನೂ ಅದೇ ಗುಡ್ಡಕ್ಕೆ, ಅದೇ ಬಿಸಿಲಿನಲ್ಲಿ, ತಿಂಡಿ ತಿಂದೇ ಹೊರಟಿದ್ದೆ. ಅಂದು ಏನಾಯಿತು ಎಂಬುದನ್ನು ಅವರಿಗೆ ಹೇಳಿದೆ. ಈ ವಾರ ನಿಮಗೂ ಹೇಳುತ್ತೇನೆ.

ಅವಳು ತೋರಿಸಿದ್ದು ಕಪ್ಪತಗುಡ್ಡ. ಅದು ಒಂದೇ ಗುಡ್ಡವಲ್ಲ, ಗುಡ್ಡಗಳ ಸಾಲು. ಗದಗ, ಶಿರಹಟ್ಟಿ, ಮುಂಡರಗಿ ಈ ಮೂರೂ ತಾಲೂಕುಗಳಲ್ಲಿ ಹಬ್ಬಿಕೊಂಡು ತುಂಗಭದ್ರೆಯ ಕಡೆಗೆ ಸಾಗುತ್ತದೆ. ಸುತ್ತ ಎಲ್ಲಿ ನೋಡಿದರೂ ಎರೆಹೊಲದ ಬಯಲು, ನಡುವೆ ಇದೊಂದು ಎತ್ತರ. ಔಷಧಿ ಗಿಡಮೂಲಿಕೆಗೆ ಹೆಸರಾದ ಕಾಡು. ಚಿರತೆ, ತೋಳ, ಕತ್ತೆಕಿರುಬ, ನಾಲ್ಕು ಕೊಂಬಿನ ಕೊಂಡುಕುರಿ ಇಲ್ಲಿವೆ. 2019ರಲ್ಲಿ ಸರಕಾರ ಇದರ ಸುಮಾರು 244 ಚದರ ಕಿಲೊಮೀಟರ್ ಪ್ರದೇಶವನ್ನು ವನ್ಯಜೀವಿ ಧಾಮವೆಂದು ಸಾರಿತು. ಈಗ ಅರಣ್ಯ ಇಲಾಖೆಯನ್ನು ಕೇಳದೆ ಮನಸ್ಸಿಗೆ ಬಂದ ಕಡೆ ಹತ್ತುವಂತಿಲ್ಲ. ನಾನು ಹೇಳುತ್ತಿರುವುದು ಅದಕ್ಕೂ ಬಹಳ ಹಿಂದಿನ ಮಾತು. ಆಗ ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳೂ ಇರಲಿಲ್ಲ.

ಗುಡ್ಡದ ಬುಡದ ಡೋಣಿ ಊರಿನಲ್ಲಿ ನಮ್ಮ ಸೋದರತ್ತೆಯ ಮನೆ. ಮೇ ತಿಂಗಳು. ಅಪ್ಪ, ಕಾಕಾ, ಅತ್ತೆಯ ಮಗ ಮತ್ತು ನಾನು, ನಾಲ್ಕು ಜನ. ಗಾಳಿಗುಂಡಿ ಬಸವಣ್ಣನ ಕಡೆಗೆ ಹತ್ತಿ ಸಂಜೆಯೊಳಗೆ ಇಳಿಯುವುದೆಂದು ಮಾತಾಗಿತ್ತು. ಅಪ್ಪ ಐದು ಗಂಟೆಗೇ ಎದ್ದು ಕೂತಿದ್ದರು. ಆದರೆ ಅತ್ತೆ ಬಿಡಬೇಕಲ್ಲ! ಸುಸಲಾ ಆಯಿತು, ಅದರ ಜೊತೆ ಮಿರ್ಚಿ ಆಯಿತು, "ಇನ್ನೊಂದು ಹಾಕ್ಕೊಳ್ರಿ" ಆಯಿತು. ಹೊಸ್ತಿಲು ದಾಟಿದಾಗ ಒಂಬತ್ತು ಗಂಟೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಕಟ್ಟಿದ ಗಂಟು ಅಪ್ಪನ ಹತ್ತಿರ. ಐದು ಲೀಟರಿನ ಎಣ್ಣೆ ಕ್ಯಾನಿನಲ್ಲಿ ನೀರು ತುಂಬಿ ಕಾಕಾ ಹೆಗಲಿಗೆ ಹಾಕಿಕೊಂಡರು.

ಬುಡದ ದಾರಿ ಸಲೀಸಾಗಿತ್ತು. ಕವಳಿ ಹಣ್ಣು ಕಿತ್ತು ತಿಂದು ನಾಲಗೆ ಕಪ್ಪು ಮಾಡಿಕೊಂಡೆವು. ಕಕ್ಕೆ ಗಿಡ ಹಳದಿ ಗೊಂಚಲು ಇಳಿಬಿಟ್ಟಿತ್ತು. ಒಂದು ಮುತ್ತಲ ಗಿಡದ ನೆರಳಿನಲ್ಲಿ ಕೂತಾಗ ಅಪ್ಪ ಮುಂದಿನ ದಾರಿ ನೋಡಿಬರಲು ಹೋದರು. ಕಾಕಾ ತಲೆಗೆ ಟವೆಲ್ ಮುಚ್ಚಿಕೊಂಡು ಒರಗಿದರು. ಕ್ಯಾನು ನಮ್ಮಿಬ್ಬರ ಕೈಗೆ ಸಿಕ್ಕಿತು.

ಮೊದಲು ಮುಖ ತೊಳೆದುಕೊಂಡೆವು. ಆಮೇಲೆ ನಾನು ಅವನ ಮೇಲೆ ಒಂದು ಬೊಗಸೆ ಎರಚಿದೆ, ಅವನು ನನ್ನ ಮೇಲೆ ಎರಡು. ತಣ್ಣಗೆ, ಎಷ್ಟು ಚೆಂದ ಇತ್ತು! ಕ್ಯಾನು ಅರ್ಧ ಖಾಲಿ ಆದದ್ದು ಗೊತ್ತಾದಾಗ ಇಬ್ಬರೂ ಮುಚ್ಚಳ ಹಾಕಿ ಏನೂ ಆಗಿಲ್ಲದವರಂತೆ ಕೂತೆವು.

ಅಲ್ಲಿಂದ ಮುಂದೆ ನಿಜವಾದ ಏರು. ಬಳಸುದಾರಿ ಬಿಟ್ಟು ನೆಟ್ಟಗೆ ಹತ್ತಿದರೆ ಬೇಗ ಮುಟ್ಟುತ್ತೇವೆಂದು ನಾನೇ ಹಟ ಹಿಡಿದೆ. ಕೆಲವು ಕಡೆ ಕಾಲು ಸಾಲದು, ಬಂಡೆ ಹಿಡಿದು ಕೈಯೂರಿ ಏರಬೇಕು. ಆ ಬಂಡೆಗಳೋ, ಕಾದ ಹಂಚು! ಕೈ ಇಟ್ಟರೆ ಚುರ್ ಎನ್ನುತ್ತಿತ್ತು. ಸಡಿಲ ಕಲ್ಲುಗಳು ಕಾಲಡಿಯಿಂದ ಉರುಳುತ್ತಿದ್ದವು. ಎತ್ತರ ಹೋದಂತೆ ತಂಪಾಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಅದು ಸುಳ್ಳಲ್ಲ. ಒಂದು ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಉಷ್ಣತೆ ಇಳಿಯುತ್ತದೆ. ಆದರೆ ನಮ್ಮ ಗುಡ್ಡ ಬುಡದಿಂದ ಕೆಲವು ನೂರು ಮೀಟರ್ ಅಷ್ಟೇ. ಅಷ್ಟು ಏರಿ ಗಳಿಸುವ ತಂಪನ್ನು ನೆತ್ತಿಯ ಮೇಲಿನ ಸೂರ್ಯ ಒಂದೇ ತಾಸಿನಲ್ಲಿ ಕಸಿದುಕೊಳ್ಳುತ್ತಾನೆ.

ಸಾಲದ್ದಕ್ಕೆ ಹೊಟ್ಟೆಯಲ್ಲಿ ಮಿರ್ಚಿ. ನೀರು, ನೀರು ಎಂದೆವು. ಕಾಕಾ ಕ್ಯಾನು ಎತ್ತಿ ನೋಡಿದರು, ಅಲುಗಾಡಿಸಿದರು, ಏನೂ ಅನ್ನಲಿಲ್ಲ. ನಮಗಿಬ್ಬರಿಗೂ ಕುಡಿಸಿದರು. "ನೀವು ಕುಡೀರಿ ಕಾಕಾ" ಅಂದರೆ, "ನನಗ ನೀರಡಿಕಿ ಇಲ್ಲವಾ" ಅಂದರು. ಮೂರು ಸಲ ನಿಂತೆವು. ಮೂರು ಸಲವೂ ಅವರಿಗೆ ನೀರಡಿಕೆ ಇರಲಿಲ್ಲ.

ಹನ್ನೆರಡೂವರೆಗೆ ತುದಿ ಕಂಡಿತು. ಕಲ್ಲು ಎಸೆದರೆ ಮುಟ್ಟುವಷ್ಟು ಹತ್ತಿರ ಅನ್ನಿಸಿತು. ಆಗಲೇ ಕಾಕಾ ಒಂದು ಬಂಡೆಗೆ ಆತುಕೊಂಡು ಕುಸಿದು ಕೂತರು. ಮುಖ ಬಿಳಿಚಿತ್ತು, ಮೈಯೆಲ್ಲ ಬೆವರು. "ಕಣ್ಣಿಗೆ ಕತ್ತಲಿ ಬಂದಂಗ ಆಗೇತಿ" ಎಂದು ಹೇಳುತ್ತಲೇ ವಾಂತಿ ಮಾಡಿಕೊಂಡರು.

ಅಪ್ಪ ಅವರನ್ನು ಬಂಡೆಯ ನೆರಳಿಗೆ ಎಳೆದು ಮಲಗಿಸಿದರು. ಅಂಗಿಯ ಗುಂಡಿ ಬಿಚ್ಚಿ, ಕಾಲಡಿ ಬುತ್ತಿಗಂಟು ಇಟ್ಟು ಎತ್ತರ ಮಾಡಿದರು. ಉಳಿದಿದ್ದ ನೀರಿನಲ್ಲಿ ಟವೆಲ್ ತೋಯಿಸಿ ಕೊರಳಿಗೆ, ಎದೆಗೆ ಒತ್ತಿದರು, ಗುಟುಕು ಗುಟುಕಾಗಿ ಕುಡಿಸಿದರು. ಅರ್ಧ ತಾಸಿನ ಮೇಲೆ ಕಾಕಾ ಎದ್ದು ಕೂತರು. "ನೀವು ಹೋಗಿಬರ್ರಿ, ನಾ ಇಲ್ಲೇ ಇರ್ತೀನಿ" ಎಂದರು.

"ಹೋಗೂಣಪ್ಪಾ, ಇಲ್ಲೇ ಐತಿ" ಎಂದು ನಾನು ಅಳತೊಡಗಿದೆ.

ಅಪ್ಪ ನನ್ನನ್ನು ಬೈಯಲಿಲ್ಲ. "ಗುಡ್ಡ ಎಲ್ಲಿಗೂ ಓಡಿಹೋಗಂಗಿಲ್ಲವಾ. ನಿಮ್ಮ ಕಾಕಾ ಒಬ್ಬಾವ ಅದಾನ" ಎಂದು ಕಾಕಾನ ತೋಳು ಹಿಡಿದು ಕೆಳಗೆ ತಿರುಗಿದರು.

ಇಳಿಯುವ ದಾರಿಯಲ್ಲಿ ಒಬ್ಬ ಕುರಿಗಾಹಿ ಅಜ್ಜ ಸಿಕ್ಕ. ತನ್ನ ಮಜ್ಜಿಗೆ ಗಡಿಗೆಯನ್ನೇ ಕಾಕಾನ ಬಾಯಿಗೆ ಹಿಡಿದ. ನಮ್ಮ ಕಥೆ ಕೇಳಿ ತಲೆ ಕೊಡವಿದ. "ಗುಡ್ಡ ಹತ್ತಾವ್ರು ಕೋಳಿ ಕೂಗೂದರಾಗ ಬುಡದಾಗ ಇರಬೇಕರಿ. ಮತ್ತ ಹಿಂಗ ನೆಟ್ಟಗ ಯಾರ ಹತ್ತತಾರ? ನನ್ನ ಕುರಿ ನೋಡ್ರಿ" ಎಂದ. ನೋಡಿದೆವು. ಮಂದೆ ಏರುವಲ್ಲಿ ಯಾವ ಕುರಿಯೂ ನೆಟ್ಟಗೆ ಹತ್ತುತ್ತಿರಲಿಲ್ಲ. ಗುಡ್ಡದ ಮೈಗೆ ಅಡ್ಡಡ್ಡ ಹೋಗಿ, ತಿರುಗಿ, ಮತ್ತೆ ಅಡ್ಡ ಬಂದು, ಮೇಯುತ್ತಲೇ ಮೇಲೇರುತ್ತಿದ್ದವು.

ಮಕ್ಕಳೇ, ಕಥೆ ಇಲ್ಲಿಗೇ ಮುಗಿದಿದ್ದರೆ ನನಗೆ ನಾಚಿಕೆಯಿರಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದಾಗ ಗೆಳತಿಯರು ಕೇಳಿದರು, "ತುದಿಗೆ ಹೋದ್ಯೇನ?" ನಾನು ಹೇಳಿದೆ: "ಇಲ್ಲ, ನಮ್ಮ ಕಾಕಾನ ಕೈಲೆ ಆಗಲಿಲ್ಲ." ಮನೆಯಲ್ಲಿಯೂ ಅದೇ ಮಾತು ನಿಂತುಬಿಟ್ಟಿತು. ಹಬ್ಬದಲ್ಲಿ ನೆಂಟರು ಸೇರಿದಾಗಲೆಲ್ಲ "ಗುಡ್ಡ ಹತ್ತಲಾರದ ಕಾಕಾ" ಎಂದು ನಗುತ್ತಿದ್ದರು. ಕಾಕಾ ತಾವೂ ನಗುತ್ತಿದ್ದರು. ನನಗೆ ಮಾತ್ರ ಹೋಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನೀರು ಚೆಲ್ಲಿದವಳು ನಾನು, ನೆಟ್ಟನೆ ದಾರಿಗೆ ಹಟ ಹಿಡಿದವಳು ನಾನು, ಹೆಸರು ಕೆಟ್ಟದ್ದು ಅವರದು.

ಮರುವರ್ಷದ ಬೇಸಿಗೆಯಲ್ಲಿ ಮತ್ತೆ ಹೋದೆವು. ಈ ಸಲ ಅತ್ತೆಗೆ ರಾತ್ರಿಯೇ ಕೈ ಮುಗಿದಿದ್ದೆವು. ನಾಲ್ಕು ಗಂಟೆಗೆ ಎದ್ದು, ಒಂದೊಂದು ರೊಟ್ಟಿ ಮೊಸರು ತಿಂದು, ನಸುಕಿನಲ್ಲೇ ಬುಡ ಸೇರಿದೆವು. ತಲೆಗೊಂದು ನೀರಿನ ಬಾಟಲಿಯಲ್ಲ, ಎರಡೆರಡು. ದೊಡ್ಡ ಕ್ಯಾನನ್ನು ನಾನು ಮತ್ತು ಅತ್ತೆಯ ಮಗ ಸರದಿಯ ಮೇಲೆ ಹೊತ್ತೆವು, ಕಾಕಾನಿಗೆ ಕೊಡಲೇ ಇಲ್ಲ. ಕುರಿಗಳ ಹಾಗೆ ಅಡ್ಡಡ್ಡ ಹತ್ತಿದೆವು. ಹೊರಡುವಾಗಲೇ ಅಪ್ಪ ಹೇಳಿದ್ದರು: "ಎಲ್ಲೇ ಇರಲಿ, ಒಂಬತ್ತಕ್ಕ ತಿರುಗೂದು." ಬಂಡೆಗಳು ಇನ್ನೂ ತಣ್ಣಗಿದ್ದವು, ಕೈಯೂರಿದರೆ ಹಿತವಾಗಿತ್ತು. ಎಂಟು ಗಂಟೆಯೊಳಗೆ ಮೇಲಿದ್ದೆವು.

ಗಾಳಿಗುಂಡಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ! ಗಾಳಿ ಮಾತನ್ನೇ ಕಿತ್ತುಕೊಂಡು ಹೋಗುತ್ತಿತ್ತು. ಒಂದು ಕಡೆ ಡಂಬಳದತ್ತ ಹೊಲಗಳು, ಇನ್ನೊಂದು ಕಡೆ ಪಡುವಣದಲ್ಲಿ ಮಂಜುಮಂಜಾದ ಬಯಲು. "ಅಕಾ ಅಲ್ಲೇ ನಮ್ಮ ಮಾಗಡಿ" ಎಂದು ಕಾಕಾ ತೋರಿಸಿದರು. ಊರು ಕಾಣಲಿಲ್ಲ. ಆದರೂ ಹೂಂ ಎಂದೆ. ಆಮೇಲೆ, ಗಾಳಿಯ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸುವುದಿಲ್ಲ ಎಂಬ ಧೈರ್ಯದಿಂದ ಹೇಳಿದೆ: "ಕಾಕಾ, ಹೋದ ವರ್ಷ ನೀರು ಚೆಲ್ಲಿದ್ದು ನಾನು."

"ಗೊತ್ತೈತಿ" ಎಂದರು ಕಾಕಾ. "ನಿನ್ನ ಲಂಗ ತೊಯ್ದಿತ್ತಲ್ಲವಾ."

"ಮತ್ತ ಯಾಕ ಹೇಳಲಿಲ್ಲ?"

"ಇವತ್ತ ಕ್ಯಾನು ಯಾರ ಹೆಗಲಮ್ಯಾಲೆ ಬಂತು?" ಎಂದು ಕೇಳಿ, ಅವರೇ ಅದರ ಮುಚ್ಚಳ ಬಿಚ್ಚಿ ಮೊದಲು ತಾವು ಕುಡಿದು ಆಮೇಲೆ ನನಗೆ ಕೊಟ್ಟರು. ಆ ವರ್ಷದ ದೀಪಾವಳಿಯಲ್ಲಿ ನೆಂಟರು ಮತ್ತೆ ನಗೆಯಾಡಿದಾಗ, ಎಲ್ಲರೆದುರು ನಡೆದದ್ದು ನಡೆದಂತೆ ನಾನೇ ಹೇಳಿದೆ. ಗುಡ್ಡಕ್ಕಿಂತ ಅದು ಕಡಿದಾಗಿತ್ತು.

ಇನ್ನು ನಮ್ಮ ಕೆರೆಯ ಹೆಬ್ಬಾತುಗಳ ವಿಷಯ. ದೊಡ್ಡವಳಾದ ಮೇಲೆ ಅವುಗಳ ಬಗ್ಗೆ ಓದಿದಾಗ ನನಗೆ ಆ ಕುರಿಗಾಹಿ ಅಜ್ಜನೇ ನೆನಪಾದ. ಈ ಹಕ್ಕಿಗಳ ಮೈಗೆ ಸಣ್ಣ ಯಂತ್ರ ಕಟ್ಟಿ ವಿಜ್ಞಾನಿಗಳು ಅವುಗಳ ದಾರಿ ಹಿಡಿದರು. ಹಿಮಾಲಯದ ಕಣಿವೆಗಳಲ್ಲಿ ಹಗಲು ಹೊತ್ತು ಗಾಳಿ ಮೇಲ್ಮುಖವಾಗಿ ಬೀಸುತ್ತದೆ, ಹಕ್ಕಿಗೆ ಅದು ಬಿಟ್ಟಿ ಸವಾರಿ. ಆದರೆ ಹೆಬ್ಬಾತು ಅದನ್ನು ಬಿಟ್ಟು, ಹೆಚ್ಚಾಗಿ ರಾತ್ರಿ ಮತ್ತು ನಸುಕಿನಲ್ಲಿ ದಾಟುತ್ತದೆ ಎಂದು 2011ರ ಅಧ್ಯಯನ ತಿಳಿಸಿತು. ಆಗ ಗಾಳಿ ಶಾಂತ, ತಂಪು. ತಂಪು ಗಾಳಿ ಹೆಚ್ಚು ಸಾಂದ್ರ, ರೆಕ್ಕೆಗೆ ಆಧಾರವೂ ಹೆಚ್ಚು. ಅವು ಒಮ್ಮೆ ಮೇಲೇರಿ ಅಲ್ಲೇ ಹಾರುವುದೂ ಇಲ್ಲ. ಬೆಟ್ಟ ಏರಿದಲ್ಲಿ ಏರುತ್ತವೆ, ಕಣಿವೆ ಇಳಿದಲ್ಲಿ ಇಳಿಯುತ್ತವೆ. ಕಷ್ಟಪಟ್ಟು ಗಳಿಸಿದ ಎತ್ತರವನ್ನು ಯಾಕೆ ಬಿಡುತ್ತವೆ? ತೆಳುಗಾಳಿಯಲ್ಲಿ ಮೇಲೇ ಉಳಿಯುವುದಕ್ಕಿಂತ ಇಳಿದು ಏರುವುದರಲ್ಲೇ ಶಕ್ತಿ ಉಳಿತಾಯ ಎಂದು 2015ರಲ್ಲಿ ಗೊತ್ತಾಯಿತು. ಏಳು ಸಾವಿರ ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿರುವ ಹಕ್ಕಿಯೇ ಹೀಗೆ ಹೊತ್ತು ನೋಡಿ, ದಾರಿ ನೋಡಿ ಹೋಗುವಾಗ ನಮ್ಮದೇನು? 2024ರಲ್ಲಿ ನಮ್ಮ ಮಾಗಡಿ ಕೆರೆ ರಾಮ್ಸರ್ ಪಟ್ಟಿಗೆ ಸೇರಿ ಜಗತ್ತಿಗೆ ಹೆಸರಾಯಿತು. ಆ ಕೆರೆಯ ಅತಿಥಿಗಳಿಂದ ಕಲಿಯಲು ನಮಗೇನು ಸಂಕೋಚ?

ರಜೆಯಲ್ಲಿ ಗುಡ್ಡಕ್ಕೆ ಹೊರಟವರು ಇಷ್ಟು ನೆನಪಿಡಿ. ಅಪ್ಪಣೆ ಬೇಕಾದಲ್ಲಿ ಅಪ್ಪಣೆ ಪಡೆದು, ದಾರಿ ಬಲ್ಲ ಹಿರಿಯರ ಜೊತೆಗೇ ಹೋಗಿ. ಬೆಳಕು ಹರಿಯುವ ಮೊದಲೇ ಬುಡದಲ್ಲಿರಿ. ತಿರುಗುವ ಗಂಟೆಯನ್ನು ಮನೆಯಲ್ಲೇ ಗೊತ್ತುಮಾಡಿ. ನೀರು ಆಟಕ್ಕಲ್ಲ. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿದ ಒಂದು ಬಾಟಲಿ ಬೇರೆಯೇ ಇರಲಿ. ಒಣಹುಲ್ಲಿನ ಕಾಡಿನಲ್ಲಿ ಬೆಂಕಿಕಡ್ಡಿ ಗೀರಬೇಡಿ. ಯಾರಿಗಾದರೂ ತಲೆ ತಿರುಗಿದರೆ ನೆರಳು, ಒದ್ದೆ ಬಟ್ಟೆ, ಗುಟುಕು ನೀರು. ಮೈ ಕೆಂಡವಾಗಿ, ಮಾತು ತೊದಲಿ, ಎಚ್ಚರ ತಪ್ಪುವಂತಾದರೆ ಬಾಯಿಗೆ ನೀರು ಹಾಕದೆ, ಮೈ ತಣ್ಣಗೆ ಮಾಡುತ್ತಲೇ 108ಕ್ಕೆ ಕರೆ ಮಾಡಿ. ಮತ್ತು "ನನಗೆ ನೀರಡಿಕೆ ಇಲ್ಲ" ಎನ್ನುವ ಹಿರಿಯರನ್ನು ಮಾತ್ರ ನಂಬಬೇಡಿ, ಕೈಹಿಡಿದು ಕುಡಿಸಿ.

ಕಥೆ ಮುಗಿದಾಗ ನನ್ನ ಸೊಸೆ ಬಹಳ ಹೊತ್ತು ಗುಡ್ಡವನ್ನೇ ನೋಡುತ್ತಿದ್ದಳು. ಬೆಳಗಿನ ತಿಂಡಿಯ ಮಾತು ಮತ್ತೆ ಬರಲಿಲ್ಲ. ಮನೆ ಕಡೆ ನಡೆಯುವಾಗ ಮೆಲ್ಲಗೆ ಕೇಳಿದಳು: "ಅತ್ತೆ, ನಾವು ಹೋಗೋ ದಿನ ತಿರುಗೋದು ಎಷ್ಟು ಗಂಟೆಗೆ?"