ಹಳೆಯ ಹಾರ್ವೆಸ್ಟರ್: ದುರಸ್ತಿಗೆ ಮುನ್ನ ಲೆಕ್ಕ

ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಭಾಗಗಳಲ್ಲಿ ಭತ್ತದ ಕಟಾವಿಗೆ ಕಂಬೈನ್ ಹಾರ್ವೆಸ್ಟರ್‌ಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಓಡಿಸುವುದು ಒಂದು ಉದ್ಯಮವೇ ಆಗಿದೆ. ಹೊಸ ಯಂತ್ರ ಕೊಳ್ಳುವುದಕ್ಕಿಂತ ಹಳೆಯದನ್ನು ಸರಿಪಡಿಸಿಕೊಳ್ಳುವುದೇ ಲಾಭಕರವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದನ್ನು ಲೆಕ್ಕದ ಒರೆಗೆ ಹಚ್ಚುವುದು ಅಗತ್ಯ.

2025ರ ಸೆಪ್ಟೆಂಬರ್ 22ರಿಂದ ಈ ಯಂತ್ರಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ರೈತರಿಗೆ ಒದಗಿಸುವ ಕಟಾವು ಸೇವೆಗೆ ತೆರಿಗೆ ವಿನಾಯಿತಿ ಇರುವುದರಿಂದ ಯಂತ್ರದ ಮಾಲೀಕರಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ತೆತ್ತ ತೆರಿಗೆಯೆಲ್ಲವೂ ವೆಚ್ಚವೇ. ಹೀಗಾಗಿ ತಕ್ಕಡಿ ಹೊಸ ಯಂತ್ರದ ಕಡೆಗೆ ತುಸು ವಾಲಿದೆ.

ಹಾಗೆಂದು ಹಳೆಯದನ್ನೆಲ್ಲ ಗುಜರಿಗೆ ಹಾಕಬೇಕೆಂಬುದು ನನ್ನ ವಾದವಲ್ಲ. ಎಂಜಿನ್, ಚಾಸಿ ಗಟ್ಟಿಯಾಗಿದ್ದು ಕಟರ್ ಬಾರ್, ಒಕ್ಕಣೆ ಡ್ರಮ್, ಜರಡಿ, ಬೆಲ್ಟ್‌ಗಳಷ್ಟೇ ಸವೆದಿದ್ದರೆ ದುರಸ್ತಿಯೇ ಲೇಸು. ಎಂಜಿನ್ನೂ ಗೇರ್‌ಬಾಕ್ಸೂ ಸೋತಿದ್ದರೆ, ಬಿಡಿಭಾಗಗಳ ಬೆಲೆಯೊಂದಿಗೆ ಸುಗ್ಗಿಯಲ್ಲಿ ಯಂತ್ರ ನಿಂತ ದಿನಗಳ ಬಾಡಿಗೆ ನಷ್ಟವನ್ನೂ ಕೂಡಿಸಿ ನೋಡತಕ್ಕದ್ದು. ಆ ನಷ್ಟ ಯಾವ ಬಿಲ್ಲಿನಲ್ಲಿಯೂ ಕಾಣದು. ಸಾಲದ ಕಂತಾದರೋ ಕಾಯದು.

ವರ್ಕ್‌ಶಾಪ್ ಮಾಲೀಕರಲ್ಲಿ ಒಂದು ವಿನಂತಿ. 'ಒಟ್ಟು ದುರಸ್ತಿ' ಎಂದು ಒಂದೇ ಸಾಲಿನ ಬಿಲ್ಲು ಬರೆಯದೆ, ಬದಲಿಸಿದ ಪ್ರತಿಯೊಂದು ಭಾಗವನ್ನೂ ಕೂಲಿಯನ್ನೂ ಬೇರೆ ಬೇರೆಯಾಗಿ ನಮೂದಿಸಿರಿ. ಇದ್ದ ಯಂತ್ರವನ್ನು ಸುಸ್ಥಿತಿಯಲ್ಲಿಡುವ ದುರಸ್ತಿ ಆ ವರ್ಷದ ಖರ್ಚು. ಹೊಸ ಅನುಕೂಲ ತರುವ ವೆಚ್ಚ ಬಂಡವಾಳಕ್ಕೆ ಸೇರಿ ಸವಕಳಿಯ ಮೂಲಕವೇ ಕಳೆಯತಕ್ಕದ್ದು. ವಿವರವಿಲ್ಲದ ಬಿಲ್ಲಿನಿಂದ ಈ ಭೇದವನ್ನು ತೆರಿಗೆ ಅಧಿಕಾರಿಯ ಮುಂದೆ ಸಮರ್ಥಿಸುವುದು ಕಷ್ಟ. ನಿಮ್ಮ ಒಂದು ವಿವರವಾದ ಬಿಲ್ಲು ಗ್ರಾಹಕನನ್ನೂ ಉಳಿಸುತ್ತದೆ, ನಿಮ್ಮ ವ್ಯಾಪಾರವನ್ನೂ ಉಳಿಸುತ್ತದೆ.